‘ಕನ್ವೀನಿಯಂಟ್’ ಬೇಕೋ, ‘ಫ್ರೀ’ ಸಾಕೋ? ಚೀನೀ ಭಾಷಿಕರಿಗೊಂದು ಹೋಲಿಕೆ

ಚೀನೀ ಭಾಷೆಯ ‘ಫಾಂಗ್‌ಬ್ಯೆನ್’ (ಅನುಕೂಲ) ಮನುಷ್ಯರಿಗೂ ಸಲ್ಲುತ್ತದೆ. ‘ನಿ ಫಾಂಗ್‌ಬ್ಯೆನ್ ಮಾ?’ ಎಂದರೆ ‘ನಿಮಗೆ ಅನುಕೂಲವೇ?’ ಎಂದೇ ಅರ್ಥ. ಅದನ್ನು ಹಾಗೇ ಇಂಗ್ಲಿಷಿಗೆ ಇಳಿಸಿ ‘ಆರ್ ಯೂ ಕನ್ವೀನಿಯಂಟ್?’ ಎಂದರೆ ತಪ್ಪು. ಇಂಗ್ಲಿಷಿನಲ್ಲಿ ಕನ್ವೀನಿಯಂಟ್ ಆಗುವುದು ಸಮಯ, ಜಾಗ, ವ್ಯವಸ್ಥೆ. ಹಾಗಾಗಿ ಸಮಯವನ್ನೇ ಕರ್ತೃವಾಗಿಸಿ, ವ್ಯಕ್ತಿಯನ್ನು ಕೊನೆಗೆ ತನ್ನಿ: ‘ಈಸ್ ತ್ರೀ ಓಕ್ಲಾಕ್ ಕನ್ವೀನಿಯಂಟ್ ಫಾರ್ ಯೂ?’ ಕನ್ನಡದ ‘ನಿಮಗೆ’ ಮಾಡುವ ಕೆಲಸವನ್ನೇ ಈ ‘ಫಾರ್ ಯೂ’ ಮಾಡುತ್ತದೆ.

ವ್ಯಕ್ತಿಯಿಂದಲೇ ವಾಕ್ಯ ಶುರುವಾಗಬೇಕೆ? ಆಗ ‘ಆರ್ ಯೂ ಫ್ರೀ ಅಟ್ ತ್ರೀ?’ ಗೆಳೆಯರಿಗೆ ಇಷ್ಟು ಸಾಕು. ಕಚೇರಿ ಪತ್ರಕ್ಕೆ ‘ಅವೈಲಬಲ್’ ಒಪ್ಪುತ್ತದೆ. ಹಿರಿಯರ ಸಮಯ ಕೇಳುವಾಗ ಮಾತ್ರ ಕನ್ವೀನಿಯಂಟೇ ಮೇಲು, ಆಯ್ಕೆ ಅವರ ಕೈಯಲ್ಲೇ ಉಳಿಯುತ್ತದೆ.

ಅಂದಹಾಗೆ, ‘ಫಾಂಗ್‌ಬ್ಯೆನ್ ಮ್ಯೆನ್’ಗೆ ಇಂಗ್ಲಿಷಿನಲ್ಲಿ ‘ಇನ್‌ಸ್ಟಂಟ್ ನೂಡಲ್ಸ್’ ಎನ್ನಬೇಕು. ಅಲ್ಲಿ ಕನ್ವೀನಿಯಂಟ್ ಹೊಂದುವುದಿಲ್ಲ.