ಅರ್ಧ ಲೀಟರ್ ನೀರೆತ್ತುವ ಪರೀಕ್ಷೆ: ಪಿನ್ನು, ನಟ್ಟು-ಬೋಲ್ಟು, ಪ್ಲೈವುಡ್ ಸೆಟ್‌ಗಳ ಹೋಲಿಕೆ

ಯಂತ್ರ ಕಟ್ಟುವ ಆಟಿಕೆ ಸೆಟ್ಟಿನ ಡಬ್ಬಿಯ ಮೇಲೆ 500 ತುಂಡುಗಳೆಂದು ಬರೆದಿದ್ದರೆ ಅದರಲ್ಲಿ ದೊಡ್ಡ ಪಾಲು ಪಿನ್ನುಗಳೋ ನಟ್ಟು-ಬೋಲ್ಟುಗಳೋ ಆಗಿರುತ್ತವೆ. ತುಂಡುಗಳ ಲೆಕ್ಕ ನೋಡಿ ಸೆಟ್ ಕೊಳ್ಳುವುದು ಚೀಲ ನೋಡಿ ಮೆಕ್ಕೆಜೋಳ ಕೊಂಡಂತೆ. ಒಳಗೆ ಕೈಹಾಕಿ ಕಾಳು ನೋಡಬೇಕು. ಇಲ್ಲಿ ಕಾಳೆಂದರೆ ಗಿಯರ್‌ಗಳು ಎಷ್ಟಿವೆ, ಎಷ್ಟೆಷ್ಟು ಹಲ್ಲಿನವು, ಸರಳುಗಳು ಯಾವ ಉದ್ದದವು, ಕಟ್ಟಿದ್ದನ್ನು ಬಿಚ್ಚಿ ಬೇರೆಯದನ್ನು ಕಟ್ಟಲು ಬರುತ್ತದೆಯೇ ಎಂಬುದು.

ದಾವಣಗೆರೆ, ಚಿತ್ರದುರ್ಗದ ಕಡೆ 300ರಿಂದ 700 ತುಂಡುಗಳ ಸೆಟ್ ಹುಡುಕುವವರಿಗೆ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಪಿನ್ನು ಒತ್ತಿ ಕೂಡಿಸುವ ಪ್ಲಾಸ್ಟಿಕ್ಕಿನದು, ಅಂದರೆ ಲೆಗೋ ಟೆಕ್ನಿಕ್ ಮತ್ತು ಅದೇ ಅಳತೆಯಲ್ಲಿ ಬರುವ ಇತರೆ ಸೆಟ್‌ಗಳು. ತೂತಿನ ಲೋಹದ ಪಟ್ಟಿಗಳನ್ನು ನಟ್ಟು-ಬೋಲ್ಟಿನಿಂದ ಬಿಗಿಯುವ ಮೆಕ್ಯಾನೊ ಜಾತಿಯದು. ನಮ್ಮಲ್ಲಿ ಮೆಕ್ಯಾನಿಕ್ಸ್ ಹೆಸರಿನಲ್ಲಿ ಹಿಂದಿನಿಂದಲೂ ಸಿಗುವ ಡಬ್ಬಿಗಳು ಇದೇ ಮನೆತನದವು. ಮೂರನೆಯದು ಲೇಸರ್‌ನಲ್ಲಿ ಕತ್ತರಿಸಿದ ಪ್ಲೈವುಡ್ ಹಲಗೆಯಿಂದ ತುಂಡು ಬಿಡಿಸಿ ಜೋಡಿಸುವಂಥದ್ದು.

ಮೂರಕ್ಕೂ ಒಂದೇ ಪರೀಕ್ಷೆ ಇಡಹೊರಟೆವು. ಬಾವಿಯ ಗಡಗಡೆಯಂಥದ್ದೊಂದನ್ನು ಕಟ್ಟಬೇಕು, ಹಿಡಿಕೆ ತಿರುಗಿಸಿದರೆ ಅರ್ಧ ಲೀಟರ್ ನೀರಿನ ಬಾಟಲಿ 30 ಸೆಂಟಿಮೀಟರ್ ಮೇಲೇರಬೇಕು. ದಾರ ಸುತ್ತುವ ಉರುಳೆಯ ವ್ಯಾಸ ಸುಮಾರು 25 ಮಿಲಿಮೀಟರ್ ಇದ್ದರೆ ಒಂದು ಸುತ್ತಿಗೆ 78 ಮಿಲಿಮೀಟರ್ ದಾರ ಒಳಬರುತ್ತದೆ. ಅಂದರೆ ಉರುಳೆ ಹೆಚ್ಚುಕಡಿಮೆ ನಾಲ್ಕು ಸುತ್ತು ಸುತ್ತಿದರೆ ಬಾಟಲಿ ಮೇಲಿರುತ್ತದೆ. ಇಷ್ಟು ಭಾರ ಸಾಕು. ಆಟಿಕೆ ಮುರಿಯುವುದಿಲ್ಲ, ಆದರೆ ಕಟ್ಟಡದಲ್ಲಿನ ಸುಳ್ಳೆಲ್ಲ ಹೊರಬೀಳುತ್ತದೆ.

ಮೊದಲು ಪ್ಲಾಸ್ಟಿಕ್. ಲೆಗೋ ಅಳತೆಯಲ್ಲಿ ತೂತಿನಿಂದ ತೂತಿಗೆ 8 ಮಿಲಿಮೀಟರ್. ಗಿಯರ್‌ನ ಹಲ್ಲಿನ ಸಂಖ್ಯೆಯ ಅರ್ಧವೇ ಮಿಲಿಮೀಟರ್ ಲೆಕ್ಕದಲ್ಲಿ ಅದರ ತ್ರಿಜ್ಯ. ಈ ಒಂದು ಸೂತ್ರ ಗೊತ್ತಿದ್ದರೆ ಪುಸ್ತಕ ನೋಡದೆ ಕಟ್ಟಬಹುದು. 8 ಹಲ್ಲಿನದು 4, 24 ಹಲ್ಲಿನದು 12, ಕೂಡಿದರೆ 16. ಸರಿಯಾಗಿ ಎರಡು ತೂತಿನ ಅಂತರ. 8 ಮತ್ತು 40 ಹಲ್ಲಿನವು ಸೇರಿದರೆ 24, ಮೂರು ತೂತು. 16 ಮತ್ತು 24 ಸೇರಿದರೆ 20, ಅಂದರೆ ಎರಡೂವರೆ ತೂತು. ಒಂದೇ ನೇರ ಪಟ್ಟಿಯಲ್ಲಿ ಈ ಜೋಡಿ ಕೂರುವುದೇ ಇಲ್ಲ. ಎರಡು ತೂತಿಗೆ ಹಾಕಿದರೆ ಸಿಕ್ಕಿಕೊಳ್ಳುತ್ತದೆ, ಮೂರಕ್ಕೆ ಹಾಕಿದರೆ ಹಲ್ಲಿಗೆ ಹಲ್ಲು ತಾಗುವುದಿಲ್ಲ. ಮಕ್ಕಳು ‘ಗಿಯರ್ ಸರಿಯಿಲ್ಲ’ ಎಂದು ಎಸೆಯುವುದು ಇಂಥ ಕಡೆಯೇ.

ಬಾಟಲಿ ಎತ್ತಲು ಮೂರು ಬಗೆಯಲ್ಲಿ ಗಿಯರ್ ಹಾಕಿ ನೋಡಬಹುದು. ಹಿಡಿಕೆಗೆ 8, ಉರುಳೆಗೆ 24 ಹಾಕಿದರೆ ಹಿಡಿಕೆಯ ಮೂರು ಸುತ್ತಿಗೆ ಉರುಳೆ ಒಂದು ಸುತ್ತು. ಒಟ್ಟು 11–12 ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಅದೇ ಜೋಡಿಯನ್ನು ಎರಡು ಹಂತದಲ್ಲಿ ಹಾಕಿದರೆ 9ಕ್ಕೆ 1, ಸುಮಾರು 34 ಸುತ್ತು. ಸ್ಕ್ರೂ ಆಕಾರದ ವರ್ಮ್ ಗಿಯರ್‌ಗೆ 24 ಹಲ್ಲಿನದನ್ನು ಕೂಡಿಸಿದರೆ 24ಕ್ಕೆ 1, ಆಗ 92 ಸುತ್ತು. ವರ್ಮ್‌ನ ಗುಣವೆಂದರೆ ಹಿಡಿಕೆ ಬಿಟ್ಟರೂ ಬಾಟಲಿ ಕೆಳಗಿಳಿಯುವುದಿಲ್ಲ. ಹೀಗಿದ್ದೂ ನಮ್ಮ ಓಟು 3ಕ್ಕೆ 1ರ ಕಡೆಗೆ. ಅದರಲ್ಲಿ ನೀರಿನ ತೂಕ ಬೆರಳಿಗೆ ತಿಳಿಯುತ್ತದೆ. ವರ್ಮ್‌ನಲ್ಲಿ ಬಾಟಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೈಗೆ ಸುದ್ದಿಯೇ ಮುಟ್ಟುವುದಿಲ್ಲ. ಸೆಟ್ ತೃಪ್ತಿ ಕೊಡುವುದು ಈ ಸುದ್ದಿ ಮುಟ್ಟಿದಾಗಲೇ. 3ಕ್ಕೆ 1ರಲ್ಲಿ ಕೈಬಿಟ್ಟರೆ ಬಾಟಲಿ ಸರ್ರನೆ ಇಳಿದು ಹಿಡಿಕೆ ಬೆರಳಿಗೆ ಹೊಡೆಯುತ್ತದೆ. ಅದಕ್ಕೆ 24 ಹಲ್ಲಿನ ಗಿಯರ್ ಮೇಲೆ ತನ್ನ ಭಾರಕ್ಕೆ ತಾನೇ ಬೀಳುವಂತೆ ಒಂದು ಚಿಕ್ಕ ಕೊಕ್ಕೆ ಕೂರಿಸಿ. ಟಕ್ ಟಕ್ ಸದ್ದಿನೊಂದಿಗೆ ಒಂದೊಂದೇ ಹಲ್ಲು ಹಿಡಿದು ನಿಲ್ಲುತ್ತದೆ.

ಪ್ಲಾಸ್ಟಿಕ್ ಸೆಟ್ಟಿನಲ್ಲಿ ಕೆಡುವುದು ಬಹುತೇಕ ಮೂರು ಕಡೆ. ಕಪ್ಪು ಪಿನ್ನಿನ ಮೈಮೇಲೆ ಸಣ್ಣ ಏಣುಗಳಿವೆ, ಅದು ಬಿಗಿಯಾಗಿ ಹಿಡಿಯಲೆಂದೇ ಮಾಡಿದ್ದು. ತಿರುಗಬೇಕಾದ ಕೀಲಿಗೆ ಅದನ್ನು ಹಾಕಿದರೆ ಇಡೀ ಯಂತ್ರ ಗಟ್ಟಿಯಾಗುತ್ತದೆ. ಅಲ್ಲಿಗೆ ನುಣುಪಾದ ಬೂದು ಅಥವಾ ಮರಳು ಬಣ್ಣದ ಪಿನ್ನು ಬೇಕು. ಎರಡನೆಯದು, ಸರಳು ಜಾರದಂತೆ ತುದಿಗೆ ಹಾಕುವ ಬಳೆಯನ್ನು, ಅಂದರೆ ಬುಷ್ ಅನ್ನು, ಪಟ್ಟಿಗೆ ಒತ್ತಿ ಕೂರಿಸುವುದು. ಬುಷ್ ಹಾಕುವಾಗ ನಡುವೆ ಒಂದು ದಪ್ಪ ಕಾಗದ ಇಟ್ಟು, ಆಮೇಲೆ ಎಳೆದುಬಿಡಿ. ಅಷ್ಟು ಸಡಿಲ ಸಾಕು. ಮೂರನೆಯದು, ಗಿಯರ್‌ಗೆ ಒಂದೇ ಬದಿಯ ಆಧಾರ ಕೊಡುವುದು. ಭಾರ ಬಿದ್ದಾಗ ಸರಳು ಬಾಗಿ ಹಲ್ಲುಗಳು ದೂರ ಸರಿಯುತ್ತವೆ, ಕಟಕಟ ಎಂದು ಜಾರುತ್ತವೆ. ಗಿಯರ್‌ನ ಎರಡೂ ಪಕ್ಕಕ್ಕೆ ಪಟ್ಟಿ ಇರಲಿ, ಆ ಎರಡು ಪಟ್ಟಿಗಳು ಮೇಲೂ ಕೆಳಗೂ ಸೇರಿ ಪೆಟ್ಟಿಗೆಯಾಗಲಿ.

ಇಲ್ಲೊಂದು ಅಸಮಾಧಾನವನ್ನೂ ಹೇಳಬೇಕು. ಈ ಗಾತ್ರದ ಕೆಲವು ವಾಹನ ಮಾದರಿಗಳಲ್ಲಿ ಒಳಗೆ ಚೆಂದದ ಗಿಯರ್ ಸಾಲು ಕಟ್ಟಿಸಿ, ಕೊನೆಯ ಹಂತಗಳಲ್ಲಿ ಬಣ್ಣದ ಹೊದಿಕೆಯಿಂದ ಮುಚ್ಚಿಸುತ್ತಾರೆ. ಹೊದಿಕೆ ಹಾಕದೆ ಬಿಡಿ. ಕಪಾಟಿನಲ್ಲಿ ಅಂದ ಕಡಿಮೆಯಾದರೂ ತಿರುಗಿಸುವವರಿಗೆ ಕಾಣುವುದು ಮುಖ್ಯ.

ಇನ್ನು ಲೋಹದ್ದು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಇದಕ್ಕೆ ಪೇಟೆಂಟ್ ಪಡೆದದ್ದು 1901ರಲ್ಲಿ. ಮೆಕ್ಯಾನೊ ಅಳತೆಯಲ್ಲಿ ತೂತಿನಿಂದ ತೂತಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. 19 ಹಲ್ಲಿನ ಪಿನಿಯನ್ (ಚಿಕ್ಕ ಗಿಯರ್) ಮತ್ತು 57 ಹಲ್ಲಿನ ಗಿಯರ್ ಒಂದು ಇಂಚಿನ ಅಂತರದಲ್ಲಿ, ಅಂದರೆ ಎರಡು ತೂತಿನಾಚೆ, ಸರಿಯಾಗಿ ಕೂಡುತ್ತವೆ. ಇಲ್ಲೂ 3ಕ್ಕೆ 1. ಬೇರೆ ಬೇರೆ ಡಬ್ಬಿಯ ಪಟ್ಟಿಗಳನ್ನು ಬೆರೆಸುವ ಮೊದಲು ಸ್ಕೇಲಿನಲ್ಲಿ ಹತ್ತು ಅಂತರ ಅಳೆಯಿರಿ. 127 ಮಿಲಿಮೀಟರ್ ಬಂದರೆ ಮೆಕ್ಯಾನೊ ಅಳತೆ, 80 ಬಂದರೆ ಲೆಗೋ ಅಳತೆ. ಒಂದೇ ಅಂತರ ಅಳೆದರೆ ಕಣ್ಣು ಮೋಸಹೋಗುತ್ತದೆ.

ಲೋಹದ ಸೆಟ್ಟಿನ ನಿಜವಾದ ಸುಖ ಗಿಯರ್‌ನಲ್ಲಿಲ್ಲ, ಚೌಕಟ್ಟಿನಲ್ಲಿದೆ. ಗಾರೆ ಕೆಲಸದವರು ಪಾಯ ಹಾಕುವಾಗ 3, 4, 5 ಅಡಿ ದಾರ ಹಿಡಿದು ಮೂಲೆ ನೋಡುತ್ತಾರಲ್ಲ, ಅದೇ ಲೆಕ್ಕ ಇಲ್ಲಿ ಬೆರಳಿಗೆ ಸಿಗುತ್ತದೆ. ಎಣಿಸಬೇಕಾದದ್ದು ಮಾತ್ರ ತೂತನ್ನಲ್ಲ, ನಡುವಿನ ಅಂತರವನ್ನು. ಐದು ಕಂಬದ ಸಾಲಿಗೆ ಅಂಕಣ ನಾಲ್ಕೇ. ಹಾಗಾಗಿ 4 ತೂತಿನ ಪಟ್ಟಿ ಅಡಿಗೆ, 5 ತೂತಿನದು ನಿಲುವಿಗೆ, 6 ತೂತಿನದು ಓರೆಗೆ. ಮೂರು ಬೋಲ್ಟು ಹಾಕಿದರೆ ಮೂಲೆ ತಾನಾಗಿ ಲಂಬಕೋನವಾಗುತ್ತದೆ, ತಳ್ಳಿದರೂ ಕದಲುವುದಿಲ್ಲ. ಓರೆಪಟ್ಟಿ ತೆಗೆದು ಅದೇ ನಿಲುವನ್ನು ತಳ್ಳಿ ನೋಡಿ, ಹಸುವಿನ ಗೊಂತಿನ ಹಳೇ ಗೂಟದಂತೆ ವಾಲುತ್ತದೆ. ಈ ವ್ಯತ್ಯಾಸವನ್ನು ಕೈಯಿಂದ ಕಂಡ ಮಗುವಿಗೆ ತ್ರಿಕೋನದ ಬಲವನ್ನು ಬೇರೆ ಪಾಠ ಮಾಡಿ ಹೇಳಬೇಕಾಗಿಲ್ಲ. (ಪ್ಲಾಸ್ಟಿಕ್ಕಿನಲ್ಲೂ ಇದೇ ಅಂಕಣದ ಲೆಕ್ಕ ನಡೆಯುತ್ತದೆ, ಆದರೆ ಪಿನ್ನಿನ ಬಿಗಿತವೇ ಚೌಕಟ್ಟನ್ನು ಅಷ್ಟಿಷ್ಟು ಹಿಡಿದಿರುವುದರಿಂದ ಓರೆಪಟ್ಟಿಯ ಮಹಿಮೆ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.)

ಬಿಗಿಯುವ ಕ್ರಮ ತಪ್ಪಿದರೆ ಲೋಹದ ಸೆಟ್ ಹಟ ಹಿಡಿಯುತ್ತದೆ. ತೂತು ಬೋಲ್ಟಿಗಿಂತ ಚೂರು ದೊಡ್ಡದಿರುತ್ತದೆ. ಒಂದೊಂದೇ ಬೋಲ್ಟನ್ನು ಪೂರ್ತಿ ಬಿಗಿಯುತ್ತ ಹೋದರೆ ಆ ಚೂರು ಸಡಿಲವೆಲ್ಲ ಒಂದೇ ಕಡೆ ವಾಲಿ ಗಟ್ಟಿಯಾಗುತ್ತದೆ, ಕೊನೆಗೆ ಎದುರುಬದುರಿನ ತೂತುಗಳಲ್ಲಿ ಸರಳು ಹಾಯುವುದೇ ಇಲ್ಲ. ಎಲ್ಲ ನಟ್ಟುಗಳನ್ನು ಮೊದಲು ಬೆರಳಲ್ಲಿ ಮಾತ್ರ ತಿರುವಿ. ಸರಳನ್ನು ಎರಡೂ ಬದಿಗೆ ಹಾಯಿಸಿ, ಅದನ್ನು ಒಂದು ಕೈಯಲ್ಲಿ ತಿರುಗಿಸುತ್ತಲೇ ಸ್ಪ್ಯಾನರ್‌ನಿಂದ ಮೂಲೆಗೆ ಎದುರು ಮೂಲೆಯ ಬೋಲ್ಟನ್ನು ಬಿಗಿಯುತ್ತ ಬನ್ನಿ. ಯಾವ ಬೋಲ್ಟಿಗೆ ಸರಳು ಬಿಗಿಯಿತೋ ಅದನ್ನೇ ಸಡಿಲಿಸಿದರಾಯಿತು. ತಪ್ಪು ಎಲ್ಲಿದೆ ಎಂದು ಯಂತ್ರವೇ ಹೇಳುತ್ತದೆ. ತಿರುಗುವ ಕೀಲಿಗೆ ಒಂದರ ಮೇಲೊಂದು ಎರಡು ನಟ್ಟು ಹಾಕಿ, ಕೆಳಗಿನದನ್ನು ಹಿಡಿದು ಮೇಲಿನದನ್ನು ಅದಕ್ಕೆ ಒತ್ತಿ ಬಿಗಿಯಬೇಕು. ಒಂದೇ ನಟ್ಟಾದರೆ ಒಂದೋ ಕೀಲು ತಿರುಗುವುದಿಲ್ಲ, ಇಲ್ಲವೇ ತಿರುಗಿ ತಿರುಗಿ ನಟ್ಟು ಉದುರುತ್ತದೆ.

ಬಾಟಲಿ ಪರೀಕ್ಷೆಯಲ್ಲಿ ಚೌಕಟ್ಟು ಅಲುಗಲಿಲ್ಲ, ಜಾರಿದ್ದು ಗಿಯರ್. ಮೆಕ್ಯಾನೊ ಬಗೆಯ ಸರಳು ದುಂಡಗೆ. ಗಿಯರ್‌ ಅನ್ನು ಅದಕ್ಕೆ ಹಿಡಿದಿಡುವುದು ತಲೆಯಿಲ್ಲದ ಒಂದು ಪುಟ್ಟ ಗ್ರಬ್ ಸ್ಕ್ರೂ. ಭಾರ ಬಿದ್ದರೆ ಸರಳು ಒಳಗೇ ತಿರುಗುತ್ತದೆ. ಸ್ಕ್ರೂ ಕೂರುವ ಜಾಗದಲ್ಲಿ ಸಣ್ಣ ಅರದಿಂದ ನಾಲ್ಕೈದು ಸಲ ಉಜ್ಜಿ ಸರಳನ್ನು ಚಪ್ಪಟೆ ಮಾಡಿದರೆ ಆ ತೊಂದರೆ ಮುಗಿಯಿತು. ಲೆಗೋ ಸರಳಿನ ಅಡ್ಡಕೊಯ್ತ ಕೂಡಿಸು ಚಿಹ್ನೆಯ ಆಕಾರದ್ದು, ಹಾಗಾಗಿ ಅಲ್ಲಿ ಈ ಮಾತೇ ಬರುವುದಿಲ್ಲ.

ಕಳೆದ ನಟ್ಟಿಗೆ ದಾವಣಗೆರೆಯ ಪಿ.ಬಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋಗುವವರು ಒಂದು ವಿಷಯ ಗಮನಿಸಿ. ಹಳೇ ಮೆಕ್ಯಾನೊ ಬೋಲ್ಟು 5/32 ಇಂಚಿನ ವಿಟ್‌ವರ್ತ್, ಅಂದರೆ ಹಳೇ ಬ್ರಿಟಿಷ್ ಅಳತೆಯ ಎಳೆ, ದಪ್ಪ 3.97 ಮಿಲಿಮೀಟರ್. ಅಂಗಡಿಯ ಎಂ4 ಬೋಲ್ಟು 4 ಮಿಲಿಮೀಟರ್. ನೋಡಲು ಎರಡೂ ಒಂದೇ. ಆದರೆ ವಿಟ್‌ವರ್ತ್‌ನ ಎಳೆಯಿಂದ ಎಳೆಗೆ 0.79 ಮಿಲಿಮೀಟರ್, ಎಂ4ನಲ್ಲಿ 0.7. ಎಂ4 ನಟ್ಟು ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಒತ್ತಾಯ ಮಾಡಿದರೆ ಎರಡರ ಎಳೆಯೂ ಹಾಳು. ನಟ್ಟು, ಬೋಲ್ಟು ಎರಡನ್ನೂ ಎಂ4 ಕೊಳ್ಳಿ, ಡಜನ್ ಲೆಕ್ಕದಲ್ಲಿ. ಬಿಡಿಭಾಗ ಊರಲ್ಲೇ ಸಿಗುವುದು ಈ ಬಗೆಯ ದೊಡ್ಡ ಅನುಕೂಲ.

ಪ್ಲೈವುಡ್ ಸೆಟ್ಟಿಗೆ ಬಾಟಲಿ ಪರೀಕ್ಷೆ ಒಡ್ಡುವಂತೆಯೇ ಇರಲಿಲ್ಲ. ಅದರ ಪ್ರತಿ ತುಂಡೂ ಒಂದೇ ಮಾದರಿಗೆಂದು ಕತ್ತರಿಸಿದ್ದು, ಬಿಚ್ಚಿ ಗಡಗಡೆ ಮಾಡಲು ಬರುವುದಿಲ್ಲ. ಹಲ್ಲುಕಡ್ಡಿಯಷ್ಟೇ ದಪ್ಪದ ಮರದ ಸರಳಿಗೆ ಅರ್ಧ ಕಿಲೋ ತೂಗುಹಾಕುವುದೂ ನ್ಯಾಯವಲ್ಲ. ಕಟ್ಟುವಾಗಿನ ಕಾಳಜಿ ಇಷ್ಟು: ತುಂಡನ್ನು ಹಲಗೆಯಿಂದ ಹಿಂಬದಿಯಿಂದ ಒತ್ತಿ ಬಿಡಿಸಿ, ಹಲ್ಲಿನ ಅಂಚಿನ ಮಸಿಯನ್ನು ನಯವಾದ ಉಜ್ಜುಕಾಗದದಿಂದ ಒಮ್ಮೆ ಸವರಿ, ಹಲ್ಲಿಗೂ ಸರಳಿಗೂ ಮೇಣದಬತ್ತಿ ಉಜ್ಜಿ. ಎಣ್ಣೆ ಬೇಡ, ಮರ ಕುಡಿದುಬಿಡುತ್ತದೆ. ಏಪ್ರಿಲ್‌ನ ಒಣ ಬಿಸಿಲಲ್ಲಿ ಸಲೀಸಾಗಿ ತಿರುಗಿದ ಮಾದರಿ ಜುಲೈಯ ಥಂಡಿಗೆ ಬಿಗಿಯುವುದು ಸಹಜ. ಸರಳಿನ ತೂತಿಗೆ ಮತ್ತೆ ಮೇಣ ಹಾಕಿ. ರಬ್ಬರ್ ಬ್ಯಾಂಡ್ ಎಳೆದಿಟ್ಟು ಮರೆಯಬೇಡಿ, ನಮ್ಮ ಬೇಸಿಗೆಗೆ ಅದು ಅಂಟಂಟಾಗಿ ಹರಿಯುತ್ತದೆ. ಗಿಯರ್‌ಗಳೆಲ್ಲ ಕಣ್ಣೆದುರೇ ಇರುವುದರಿಂದ ನೋಡಲು ಮೂರರಲ್ಲೂ ಇದೇ ಸುಂದರ. ಆದರೆ ಒಮ್ಮೆ ಕಟ್ಟಿದ ಮೇಲೆ ಕೈಗೆ ಕೆಲಸವಿಲ್ಲ.

ಒಂದನ್ನೇ ಕೊಳ್ಳುವುದಾದರೆ ಪಿನ್ನಿನ ಪ್ಲಾಸ್ಟಿಕ್ ಸೆಟ್, ಕನಿಷ್ಠ ಎಂಟು ಗಿಯರ್, ಒಂದು ವರ್ಮ್ ಇರುವಂಥದ್ದು. ತಪ್ಪು ತಿದ್ದಲು ಅಲ್ಲಿ ನಿಮಿಷವೂ ಬೇಡ, ಲೋಹದಲ್ಲಿ ಅದೇ ತಿದ್ದುಪಡಿಗೆ ಆರು ಬೋಲ್ಟು ಬಿಚ್ಚಬೇಕಾದೀತು. ಹತ್ತು ವರ್ಷ ದಾಟಿದ, ಸ್ಪ್ಯಾನರ್ ಹಿಡಿಯಲು ಆಸೆಪಡುವ ಮಗುವಿಗೆ ಮಾತ್ರ ಕಣ್ಣುಮುಚ್ಚಿ ಲೋಹದ್ದು ಕೊಡಿಸಿ. ಯಾವುದೇ ಆಗಲಿ, ಕಟ್ಟುವುದನ್ನು ಮೊರದಲ್ಲಿ ಇಟ್ಟುಕೊಂಡು ಮಾಡಿ, ಉರುಳಿದ ನಟ್ಟು ಮೂರು ಬದಿಯ ಅಂಚಿಗೆ ನಿಲ್ಲುತ್ತದೆ. ಪಿನ್ನುಗಳನ್ನು ಬಣ್ಣಕ್ಕೊಂದು ಗುಳಿಯಂತೆ ಇಡ್ಲಿ ತಟ್ಟೆಯಲ್ಲಿ ವಿಂಗಡಿಸಿ. ಪುಸ್ತಕದ ಪ್ರತಿ ಹಂತದ ಕೊನೆಗೆ ಹಿಡಿಕೆ ತಿರುಗಿಸಿ ನೋಡಿಯೇ ಮುಂದಿನ ಪುಟ ತೆರೆಯಿರಿ. ನಲವತ್ತನೇ ಹಂತದಲ್ಲಿ ಗೊತ್ತಾಗುವ ಬಿಗಿತ ಬಹಳ ಸಲ ಹತ್ತನೇ ಹಂತದ್ದಾಗಿರುತ್ತದೆ.

ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡಿ ಬಂದ ಮಕ್ಕಳು ಗಡಗಡೆ ಬಿಚ್ಚಿ ಅದನ್ನೇ ಕಟ್ಟಲು ಕೂರುತ್ತಾರೆ. ಆಗ ಲೆಕ್ಕ ತಿರುವುಮುರುವು. ಗಿಯರ್‌ಪೆಟ್ಟಿಗೆ ಇರುವ ದೊಡ್ಡ ಯಂತ್ರಗಳಲ್ಲಿ ರೆಕ್ಕೆ ನಿಮಿಷಕ್ಕೆ 15–20 ಸುತ್ತು, ಒಳಗಿನ ಜನರೇಟರ್ ಸಾವಿರಕ್ಕೂ ಹೆಚ್ಚು; ವೇಗ ಏರಿಸಬೇಕು. ಮೊದಲು ವರ್ಮ್ ತೆಗೆದುಬಿಡಿ. ಅದರ ಜೊತೆಗಿನ ಗಿಯರ್ ಕಡೆಯಿಂದ ಎಷ್ಟು ಬಲ ಹಾಕಿದರೂ ವರ್ಮ್ ತಿರುಗುವುದಿಲ್ಲ, ಬಾಟಲಿ ಕೆಳಗಿಳಿಯದೆ ನಿಂತದ್ದಕ್ಕೂ ಇದೇ ಕಾರಣ. ರೆಕ್ಕೆಯ ಸರಳಿಗೆ 24, ಹಿಂದಿನ ಸರಳಿಗೆ 8, ಒಂದೇ ಹಂತ. ಹಳೇ ಪ್ಲಾಸ್ಟಿಕ್ ಫೈಲಿನಿಂದ ರೆಕ್ಕೆ ಕತ್ತರಿಸಿ, ಗಾಳಿಗೆ ನೇರ ಮುಖ ಮಾಡದೆ ತುಸು ಓರೆಯಾಗಿ ಕಟ್ಟಿ, ಮೇಜಿನ ಫ್ಯಾನಿನ ಮುಂದಿಡಿ. ಸಲೀಸಾಗಿ ತಿರುಗಿದರೆ ಎರಡನೇ ಹಂತ ಸೇರಿಸಿ. ಹೊರಡಲು ತಡವರಿಸಿದರೆ ರೆಕ್ಕೆಗೆ ಬೈಯಬೇಡಿ, ಬುಷ್‌ಗೂ ಪಟ್ಟಿಗೂ ನಡುವೆ ಕಾಗದ ತೂರುತ್ತದೆಯೇ ನೋಡಿ.