ಇಸಬ್‌ಗೋಲ್ ಹೊಟ್ಟು: ಹತ್ತು ತಿಂಗಳ ಬಳಕೆಯ ನಂತರ

ಹನ್ನೊಂದು ವರ್ಷಗಳಿಂದ ನನ್ನ ಹೊಟ್ಟೆ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಮೂರು ದಿನ ಮಲಬದ್ಧತೆ, ನಾಲ್ಕನೆಯ ದಿನ ಬೆಳಗಾದರೆ ನಾಲ್ಕೈದು ಸಲ ಓಡಾಟ, ಈ ಎರಡರ ನಡುವೆ ಉಬ್ಬರ ಮತ್ತು ಹೊಕ್ಕುಳ ಕೆಳಗೆ ಹಿಂಡಿದಂತಹ ನೋವು. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಕೊಲೊನೊಸ್ಕೊಪಿ ಎಲ್ಲದರಲ್ಲೂ ದೋಷವೇನೂ ಕಾಣದಿದ್ದಾಗ ವೈದ್ಯರು ಇದನ್ನು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಪರೀಕ್ಷೆಯಲ್ಲಿ ದೋಷ ಕಾಣದಿದ್ದರೂ ಕರುಳಿನ ಕೆಲಸ ಹದಗೆಡುವ ತೊಂದರೆ) ಎಂದು ಕರೆದರು. ತುಮಕೂರಿನಿಂದ ಬೆಂಗಳೂರಿಗೆ ದಿನವೂ ಬಸ್ಸಿನಲ್ಲಿ ಓಡಾಡುವ ನನ್ನಂಥವನಿಗೆ ನೋವಿಗಿಂತಲೂ, ಹೊಟ್ಟೆ ಯಾವಾಗ ಕೈಕೊಡುತ್ತದೆ ಎಂಬುದು ತಿಳಿಯದಿರುವುದೇ ದೊಡ್ಡ ಕಷ್ಟ. ದಾಬಸ್‌ಪೇಟೆ ದಾಟಿ ನೆಲಮಂಗಲ ಬರುವವರೆಗಿನ ದಾರಿಯಲ್ಲಿ ನಾನು ಕಿಟಕಿಯಿಂದ ನೋಡಿರುವುದು ಪೆಟ್ರೋಲ್ ಬಂಕುಗಳನ್ನು ಮಾತ್ರ.

ಈ ಅವಧಿಯಲ್ಲಿ ಕೊಂಡು ತಂದ ಚೂರ್ಣ, ಸಿರಪ್ಪು, ಮಾತ್ರೆಗಳಲ್ಲಿ ಇಂದಿಗೂ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಉಳಿದಿರುವುದು ಇಸಬ್‌ಗೋಲ್ ಹೊಟ್ಟು ಒಂದೇ. ಯಾವುದೋ ಒಂದು ಕಂಪನಿಯ ಪೊಟ್ಟಣದ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ. ಸಕ್ಕರೆ ಮತ್ತು ಬಣ್ಣ ಬೆರೆಸದ ಸಾದಾ ಹೊಟ್ಟು, ಅದರ ನುಣುಪು ಪುಡಿ, ಹಣ್ಣಿನ ರುಚಿ ಸೇರಿಸಿದ ಪುಡಿ ಎಂಬ ಮೂರು ರೂಪಗಳನ್ನೂ ಬಳಸಿ ನೋಡಿದ್ದೇನೆ.

ಮೊದಲು ಇದು ಏನೆಂಬುದನ್ನು ಹೇಳಬೇಕು, ಏಕೆಂದರೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಇದನ್ನು ಭೇದಿ ಮಾತ್ರೆಯ ಸಾಲಿಗೆ ಸೇರಿಸುವವರು ಬಹಳ ಮಂದಿ. ಗುಜರಾತ್ ಮತ್ತು ರಾಜಸ್ಥಾನದಲ್ಲಿ ಚಳಿಗಾಲದ ಬೆಳೆಯಾಗಿ ಬೆಳೆಯುವ ಒಂದು ಪುಟ್ಟ ಗಿಡದ ಬೀಜದ ಸಿಪ್ಪೆ ಇದು. ಜೀರಿಗೆಗೆ ಹೆಸರಾದ ಗುಜರಾತಿನ ಊಂಝಾ ಮಾರುಕಟ್ಟೆಯೇ ಇದರ ವ್ಯಾಪಾರಕ್ಕೂ ದೊಡ್ಡ ಕೇಂದ್ರ. ಬೀಜದ ಆಕಾರ ಕುದುರೆಯ ಕಿವಿಯಂತಿದೆ ಎಂದು ಪರ್ಷಿಯನ್ನರು ಇಟ್ಟ ಹೆಸರೇ ಇಸಬ್‌ಗೋಲ್ ಆಯಿತೆನ್ನುತ್ತಾರೆ. ಬೀಜದ ತೂಕದಲ್ಲಿ ಸುಮಾರು ಕಾಲು ಭಾಗದಷ್ಟಿರುವ ಈ ಸಿಪ್ಪೆ ನೀರು ಸೋಕಿದೊಡನೆ ಕಾಮಕಸ್ತೂರಿ ಬೀಜದಂತೆ ಉಬ್ಬಿ ಲೋಳೆಯಾಗುತ್ತದೆ. ಕರುಳಿನಲ್ಲಿಯೂ ಅದು ಮಾಡುವುದು ಇದನ್ನೇ: ಮಲ ಗಟ್ಟಿಯಾಗಿದ್ದರೆ ನೀರನ್ನು ಹಿಡಿದಿಟ್ಟು ಮೆದುಗೊಳಿಸುತ್ತದೆ, ನೀರಾಗಿದ್ದರೆ ಆ ನೀರನ್ನು ಹೀರಿ ಹದಕ್ಕೆ ತರುತ್ತದೆ. ನನ್ನಂತೆ ಎರಡೂ ತುದಿಗಳ ನಡುವೆ ಜೀಕುವವರಿಗೆ ಬೇರೆ ಔಷಧಗಳಿಗಿಂತ ಇದು ಒಗ್ಗುವುದು ಈ ಗುಣದಿಂದಲೇ.

ನಾರು ಎಂದರೆ ಎಲ್ಲವೂ ಒಂದೇ ಎಂದು ನಂಬಿ ನಾನು ಮೂರು ತಿಂಗಳು ಚಪಾತಿ ಹಿಟ್ಟಿಗೆ ಗೋಧಿ ತವುಡು ಕಲಸಿ ತಿಂದಿದ್ದೆ. ಸಂಜೆಯ ಹೊತ್ತಿಗೆ ಹೊಟ್ಟೆ ತಮಟೆಯಂತಾಗುತ್ತಿತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ ಐಬಿಎಸ್ ಇದ್ದ 275 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಬಗ್ಗೆ ಓದಿದ ಮೇಲೆ ತಪ್ಪು ನನ್ನ ಹೊಟ್ಟೆಯದಲ್ಲ ಎಂದು ಸಮಾಧಾನವಾಯಿತು. ಅಲ್ಲಿ ಒಂದು ಗುಂಪಿಗೆ ದಿನಕ್ಕೆ 10 ಗ್ರಾಂ ಇಸಬ್‌ಗೋಲ್, ಇನ್ನೊಂದಕ್ಕೆ ಅಷ್ಟೇ ತವುಡು, ಮೂರನೆಯದಕ್ಕೆ ಹೋಲಿಕೆಗಾಗಿ ಅಕ್ಕಿಹಿಟ್ಟನ್ನು 12 ವಾರ ಕೊಟ್ಟಿದ್ದರು. ಇಸಬ್‌ಗೋಲ್ ತೆಗೆದುಕೊಂಡವರಲ್ಲಿ ಹೆಚ್ಚು ಮಂದಿಗೆ ಆರಾಮ ಕಂಡಿತು. ತವುಡಿನ ಗುಂಪಿನಲ್ಲಿ ತೊಂದರೆ ಹೆಚ್ಚಾಯಿತೆಂದು ನಡುವೆಯೇ ಬಿಟ್ಟವರು ಬಹಳ. ಇಸಬ್‌ಗೋಲ್ ಕರುಳಿನಲ್ಲಿ ಬೇಗ ಹುಳಿಯುವುದಿಲ್ಲವಾದ್ದರಿಂದ ವಾಯು ಕಡಿಮೆ.

ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಪೊಟ್ಟಣದ ಮೇಲೆ ಎರಡು ಚಮಚ ಎಂದು ಬರೆದಿತ್ತು, ನಾನು ಮೊದಲ ರಾತ್ರಿಯೇ ಎರಡು ಚಮಚ ಹಾಕಿಕೊಂಡೆ. ಲೋಟಕ್ಕೆ ನೀರು ಸುರಿದು, ಚಮಚದಲ್ಲಿ ಕದಡಿ, ಅಷ್ಟರಲ್ಲಿ ಬಂದ ಫೋನ್ ಮುಗಿಸಿ ಬರುವಷ್ಟರಲ್ಲಿ ಲೋಟದಲ್ಲಿ ನೀರಿರಲಿಲ್ಲ. ಅಂಬಲಿಗಿಂತ ಗಟ್ಟಿಯಾದ, ಬೂದುಬಣ್ಣದ ಲೋಳೆಯೊಂದು ಚಮಚವನ್ನು ನೆಟ್ಟಗೆ ನಿಲ್ಲಿಸಿಕೊಂಡು ಕುಳಿತಿತ್ತು. ಹಟದಿಂದ ಅದನ್ನೇ ನುಂಗಲು ಹೋಗಿ ಗಂಟಲಲ್ಲಿ ಸಿಕ್ಕಿಕೊಂಡು, ಮನೆಯವರು ಬೆನ್ನು ಗುದ್ದಬೇಕಾಯಿತು. ಅದರ ಮೇಲೆ ಮೂರು ದಿನ ಉಬ್ಬರ. ಮತ್ತೆ ವೈದ್ಯರಲ್ಲಿಗೆ ಹೋದಾಗ ಅವರು ಕೇಳಿದ್ದು ಒಂದೇ ಮಾತು: “ನೀರು ಎಷ್ಟು ಕುಡಿದ್ರಿ ಅಂತ ಮೊದಲು ಹೇಳಿ.” ಅರ್ಧ ಲೋಟ ಎಂದೆ. ಅವರು ನಕ್ಕು, “ಅಷ್ಟು ನೀರಿಗೆ ಕರುಳಲ್ಲೂ ಅದು ಹೀಗೇ ಗಟ್ಟಿಯಾಗಿ ಕೂರುತ್ತೆ ಸ್ವಾಮಿ” ಎಂದರು.

ಆಮೇಲಿನ ಕ್ರಮ ಹೀಗಿದೆ. ಮೊದಲ ವಾರ ರಾತ್ರಿ ಊಟವಾದ ಒಂದು ಗಂಟೆಯ ಬಳಿಕ ಅರ್ಧ ಚಮಚ, ಎರಡನೆಯ ವಾರ ಒಂದು, ತಿಂಗಳು ತುಂಬುವ ಹೊತ್ತಿಗೆ ಎರಡು. ದೊಡ್ಡ ಲೋಟದ ತುಂಬ ನೀರಿಗೆ ಹಾಕಿ, ಒಮ್ಮೆ ಕದಡಿ, ಹೊಟ್ಟು ಇನ್ನೂ ತೇಲುತ್ತಿರುವಾಗಲೇ ಕುಡಿದು, ಹಿಂದೆಯೇ ಇನ್ನೊಂದು ಲೋಟ ನೀರು. ಥೈರಾಯ್ಡ್ ಮಾತ್ರೆ ಇರುವುದರಿಂದ ಅದನ್ನು ಬೆಳಗ್ಗೆಗೆ, ಇದನ್ನು ರಾತ್ರಿಗೆ ಇಟ್ಟುಕೊಂಡಿದ್ದೇನೆ. ಲೋಳೆ ಮಾತ್ರೆಯ ಅಂಶವನ್ನೂ ಹಿಡಿದಿಟ್ಟುಕೊಳ್ಳಬಲ್ಲದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಶುರುಮಾಡುವ ಮೊದಲು ಕೇಳಿಯೇ ಮುಂದುವರಿಯಬೇಕು. ನುಂಗಲು ಕಷ್ಟವಿರುವವರಿಗೆ, ಕರುಳು ಎಲ್ಲಾದರೂ ಕಿರಿದಾಗಿರುವವರಿಗೆ ಇದು ಬೇಡವೇ ಬೇಡ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಅಂಗಡಿಗಲ್ಲ, ಆಸ್ಪತ್ರೆಗೆ ಹೋಗಬೇಕು.

ಮೂರು ರೂಪಗಳಲ್ಲಿ ನನ್ನ ಮತ ಸಾದಾ ಹೊಟ್ಟಿಗೆ. ಪುಡಿ ನೀರಿನಲ್ಲಿ ಚೆನ್ನಾಗಿ ಬೆರೆಯುತ್ತದೆ ನಿಜ, ಆದರೆ ಅಷ್ಟೇ ಬೇಗ ಗಟ್ಟಿಯಾಗುತ್ತದೆ. ಜೊತೆಗೆ ನನ್ನ ಅಡುಗೆಮನೆಯ ತಕ್ಕಡಿಯಲ್ಲಿ ಮಟ್ಟ ಚಮಚ ಹೊಟ್ಟು ಎರಡು ಗ್ರಾಮಿನ ಆಸುಪಾಸು ತೂಗಿದರೆ ಪುಡಿ ಅದರ ಎರಡರಷ್ಟರ ಹತ್ತಿರ ಬಂತು, ಆದ್ದರಿಂದ ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಕಿತ್ತಳೆ ರುಚಿಯದು ಕುಡಿಯಲು ಹಿತವಾಗಿತ್ತು. ಹಿಂದಿನ ಸಣ್ಣ ಅಕ್ಷರಗಳನ್ನು ಓದಿದಾಗ ಅದರಲ್ಲಿ ಹೊಟ್ಟಿಗಿಂತ ಸಕ್ಕರೆಯೇ ಹೆಚ್ಚೆಂದು ತಿಳಿದು ಕೈಬಿಟ್ಟೆ. ಒಮ್ಮೆ ಸಂತೆಯಲ್ಲಿ ಬಿಡಿಯಾಗಿ ತೂಗಿಸಿಕೊಂಡ ಹೊಟ್ಟಿನ ಲೋಟದ ತಳದಲ್ಲಿ ಕೆಂಪು ಮಣ್ಣು ಕೂತಿತ್ತು. ಅಂದಿನಿಂದ ಮೊಹರು ಒಡೆಯದ ಪೊಟ್ಟಣವನ್ನಷ್ಟೇ ಕೊಳ್ಳುತ್ತೇನೆ. ಮಳೆಗಾಲದಲ್ಲಿ ಪೊಟ್ಟಣದೊಳಗೇ ಗಂಟುಕಟ್ಟುವುದರಿಂದ ದೊಡ್ಡದರ ಆಸೆ ಬೇಡ. 100 ಗ್ರಾಮಿನದು ತಂದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿದುಕೊಂಡರೆ ನನ್ನ ಅಳತೆಗೆ ಮೂರು ವಾರಕ್ಕೂ ಹೆಚ್ಚು ಬರುತ್ತದೆ. ರುಚಿಯ ಬಗ್ಗೆ ಹೇಳುವುದೇನಿಲ್ಲ, ಒದ್ದೆ ರಟ್ಟನ್ನು ನೆಕ್ಕಿದಂತೆ. ಮಜ್ಜಿಗೆಯಲ್ಲಿ ಹಾಕಿದರೆ ವಾಸಿ.

ಹತ್ತು ತಿಂಗಳಲ್ಲಿ ಬದಲಾದದ್ದೇನು ಎಂದರೆ, ಬೆಳಗಿನ ಕೆಲಸ ಮನೆಯಲ್ಲೇ, ಬಹುಪಾಲು ಒಂದೇ ಸಲಕ್ಕೆ ಮುಗಿಯುತ್ತಿದೆ. ನೋವು ಪೂರ್ತಿ ಹೋಗಿಲ್ಲ. ಮದುವೆ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಧಾರಾಳವಾಗಿ ಬಿದ್ದ ಸಾಗು ತಿಂದರೆ ಇಸಬ್‌ಗೋಲ್ ನನ್ನನ್ನು ಕಾಯುವುದಿಲ್ಲ. ಮರುದಿನ ಗಂಜಿ, ಮೆಂತ್ಯದ ತಂಬುಳಿಗೇ ಶರಣು. ತಿಂಗಳಿಗೆ ಎರಡು ಮೂರು ಮಸಾಲೆ ದೋಸೆಯ ದುಡ್ಡಿನಲ್ಲಿ ಇಷ್ಟು ನೆಮ್ಮದಿ ಕೊಡುವ ಬೇರೆ ವಸ್ತು ನನ್ನ ಕಪಾಟಿಗೆ ಬಂದಿಲ್ಲವಾದ್ದರಿಂದ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದನ್ನು ಕಡಿದದ್ದು ‘ಎರಡು ಚಮಚ’ ಎಂಬುದನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿ, ‘ಸಾಕಷ್ಟು ನೀರಿನೊಂದಿಗೆ’ ಎಂಬುದನ್ನು ಭೂತಗನ್ನಡಿಗೆ ಬಿಟ್ಟದ್ದಕ್ಕಾಗಿ.