20,000 ಪೌಂಡ್ ಕೊಟ್ಟು ಕರೆಸಿದ ಹಲ್ಲಿನ ಡಾಕ್ಟರ್: ನಮ್ಮೂರಿನ ಎನ್‌ಎಚ್‌ಎಸ್ ಕ್ಲಿನಿಕ್ ಬಗ್ಗೆ

ಡಾಕ್ಟರ್‌ಗೆ 5ಕ್ಕೆ 5 ಸ್ಟಾರ್. ಅವರನ್ನು ಇಲ್ಲಿಗೆ ಕರೆಸಿದ ಸರ್ಕಾರದ ಯೋಜನೆಗೆ 2 ಮಾತ್ರ.

ನಾವಿರುವುದು ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ, ಕಡಲ ಕಡೆಯ ಒಂದು ಚಿಕ್ಕ ಊರು. ಈ ಭಾಗದಲ್ಲಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಹಲ್ಲಿನ ಡಾಕ್ಟರ್ ಸಿಗುವುದು ಎಷ್ಟು ಕಷ್ಟ ಅಂದರೆ ಪೇಪರ್‌ನವರು ಇದನ್ನು 'ಡೆಂಟಲ್ ಡೆಸರ್ಟ್', ಅಂದರೆ ಹಲ್ಲಿನ ಡಾಕ್ಟರ್ ಸಿಗದ ಮರುಭೂಮಿ ಅಂತಲೇ ಬರೆಯುತ್ತಾರೆ. ಮೊದಲು ಹೋಗುತ್ತಿದ್ದ ಕ್ಲಿನಿಕ್‌ನವರು ದೊಡ್ಡವರನ್ನು ಇನ್ನು ಪ್ರೈವೇಟ್ ಆಗಿ ಮಾತ್ರ ನೋಡುತ್ತೇವೆ ಎಂದು ಒಂದು ಪತ್ರ ಕಳಿಸಿ ಕೈ ತೊಳೆದುಕೊಂಡರು. ಆಮೇಲೆ ಎಲ್ಲಿ ಕೇಳಿದರೂ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ ಅನ್ನುವುದೇ ಉತ್ತರ. ಇಲ್ಲಿನ ನಮ್ಮವರಲ್ಲಿ ತುಂಬಾ ಜನ ರಜೆಗೆ ಬೆಂಗಳೂರಿಗೋ ಮೈಸೂರಿಗೋ ಹೋದಾಗ ರೂಟ್ ಕೆನಾಲ್ ಮುಗಿಸಿಕೊಂಡೇ ಬರುತ್ತಾರೆ. ಆದರೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಪಕ್ಕದ ಮನೆಯ ಅಜ್ಜಿ ಎಲ್ಲಿಗೆ ಹೋಗಬೇಕು? 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್‌ನಲ್ಲಿ ಎನ್‌ಎಚ್‌ಎಸ್ ಕ್ಲಿನಿಕ್ ತೆರೆದಾಗ ನೂರಾರು ಜನ ರಸ್ತೆ ತುಂಬಾ ಕ್ಯೂ ನಿಂತಿದ್ದರು, ಪೊಲೀಸರೂ ಬಂದಿದ್ದರು.

ಅದೇ ತಿಂಗಳು ಸರ್ಕಾರ 'ಗೋಲ್ಡನ್ ಹಲೋ' ಘೋಷಿಸಿತು. ಡಾಕ್ಟರ್ ಸಿಗದ ಊರಿಗೆ ಬಂದು 3 ವರ್ಷ ಎನ್‌ಎಚ್‌ಎಸ್ ಕೆಲಸ ಮಾಡಿದರೆ 20,000 ಪೌಂಡ್, ಹೆಚ್ಚೆಂದರೆ 240 ಜನಕ್ಕೆ. ನಮ್ಮೂರಿಗೆ ಬಂದ ಡಾಕ್ಟರಮ್ಮ ಹಾಗೆ ಬಂದವರು.

ಅವರ ಕೆಲಸದ ಬಗ್ಗೆ ಎರಡು ಮಾತಿಲ್ಲ. ಬಾಯಿ ತೆರೆಸುವ ಮುಂಚೆ ಕೂರಿಸಿ ಮಾತಾಡುತ್ತಾರೆ, ಎಕ್ಸ್‌ರೇ ತೋರಿಸಿ ಯಾವ ಹಲ್ಲಿಗೆ ಏನು ಬೇಕು, ಯಾವುದನ್ನು ಈಗ ಮುಟ್ಟಬೇಕಾಗಿಲ್ಲ ಅಂತ ಬಿಡಿಸಿ ಹೇಳುತ್ತಾರೆ, ಖರ್ಚೂ ಮೊದಲೇ ಗೊತ್ತಾಗುತ್ತದೆ. 2025ರ ಏಪ್ರಿಲ್‌ನ ದರದಲ್ಲಿ ಚೆಕಪ್‌ಗೆ 27.40 ಪೌಂಡ್ ಇತ್ತು. ಫಿಲ್ಲಿಂಗ್, ಹಲ್ಲು ಕೀಳುವುದು, ರೂಟ್ ಕೆನಾಲ್‌ಗೆ 75.30. ಕ್ರೌನ್, ಕಟ್ಟಿಸುವ ಹಲ್ಲಿಗೆ 326.70. ಒಂದೇ ಚಿಕಿತ್ಸೆಯಲ್ಲಿ ನಾಲ್ಕು ಫಿಲ್ಲಿಂಗ್ ಆದರೂ ನಾವು ಕೊಡುವುದು ಒಂದು ಫಿಲ್ಲಿಂಗ್‌ನ ದರವೇ. ಮಗನನ್ನೂ ತುಂಬಾ ಸಮಾಧಾನದಿಂದ ನೋಡಿದರು, ಅವನ ಚಿಕಿತ್ಸೆಗೆ ದುಡ್ಡೇ ತೆಗೆದುಕೊಳ್ಳಲಿಲ್ಲ.

ಹಾಗಾದರೆ ಯೋಜನೆಗೆ ಯಾಕೆ ಎರಡೇ ಸ್ಟಾರ್? ತೊಂದರೆ ಇರುವುದು ಸಂಬಳದ ಲೆಕ್ಕದಲ್ಲಿ. 2006ರ ಕಾಂಟ್ರಾಕ್ಟ್ ಪ್ರಕಾರ ಕ್ಲಿನಿಕ್‌ಗೆ ಹಣ ಬರುವುದು ಯುಡಿಎ ಎಂಬ ಪಾಯಿಂಟ್ ಮೇಲೆ. ಚೆಕಪ್‌ಗೆ 1, ಫಿಲ್ಲಿಂಗ್‌ಗೆ 3. ಒಂದು ಫಿಲ್ಲಿಂಗ್ ಮಾಡಿದರೂ 3, ಆರು ಮಾಡಿದರೂ 3, ಗಂಟೆಗಟ್ಟಲೆ ಕೂತು ದವಡೆ ಹಲ್ಲಿನ ರೂಟ್ ಕೆನಾಲ್ ಮಾಡಿದರೂ 3 ಅಂತ ಎಷ್ಟೋ ವರ್ಷ ನಡೆಯಿತು! 2022ರ ಕೊನೆಯಲ್ಲಿ ಸ್ವಲ್ಪ ಸರಿಮಾಡಿ ಮೂರಕ್ಕಿಂತ ಕಡಿಮೆಯಲ್ಲದ ಫಿಲ್ಲಿಂಗ್‌ಗೆ 5, ದವಡೆ ಹಲ್ಲಿನ ರೂಟ್ ಕೆನಾಲ್‌ಗೆ 7 ಮಾಡಿದರು. ಆದರೂ ವರ್ಷಗಟ್ಟಲೆ ಡಾಕ್ಟರ್ ಕಾಣದ ಊರಲ್ಲಿ ಎಲ್ಲರ ಬಾಯಲ್ಲೂ ಕೆಲಸ ಜಾಸ್ತಿ ಇರುತ್ತದೆ, ಅಂದರೆ ಎಲ್ಲಿ ಅಗತ್ಯ ಹೆಚ್ಚೋ ಅಲ್ಲೇ ಡಾಕ್ಟರ್‌ಗೆ ನಷ್ಟ. ಇದನ್ನು ಹಾಗೇ ಬಿಟ್ಟು ಬರೀ 20,000 ಕೊಟ್ಟರೆ ಯಾರು ಉಳಿಯುತ್ತಾರೆ, ಹೇಳಿ?

ಬಂದವರೇ ಕಡಿಮೆ. ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿ 2025ರ ಏಪ್ರಿಲ್‌ನಲ್ಲಿ ಹೇಳಿದ ಪ್ರಕಾರ ಆ ವರ್ಷದ ಫೆಬ್ರವರಿ ಹೊತ್ತಿಗೆ 240ರಲ್ಲಿ ಶೇ. 20ರಷ್ಟೂ ಭರ್ತಿಯಾಗಿರಲಿಲ್ಲ.

ಇನ್ನೊಂದು ಕಡೆ ಮಂಗಳೂರು, ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ ಬಂದ ನಮ್ಮ ಹುಡುಗ ಹುಡುಗಿಯರು ಓಆರ್‌ಇ ಪರೀಕ್ಷೆಗೆ (ಹೊರದೇಶದಲ್ಲಿ ಓದಿದ ಹಲ್ಲಿನ ಡಾಕ್ಟರ್‌ಗಳು ಇಲ್ಲಿ ಕೆಲಸ ಮಾಡುವುದಕ್ಕೆ ಬರೆಯುವ ಪರೀಕ್ಷೆ) ಸೀಟ್ ಸಿಗದೆ ಕಾಯುತ್ತಾ ಡೆಂಟಲ್ ನರ್ಸ್ ಕೆಲಸ ಮಾಡುತ್ತಿದ್ದಾರೆ. ಪರೀಕ್ಷೆ ಸಡಿಲ ಮಾಡಿ ಅಂತ ನಾನು ಹೇಳುತ್ತಿಲ್ಲ. ಸೀಟ್ ಜಾಸ್ತಿ ಮಾಡಿ, ಬರೆಯುವುದಕ್ಕೆ ಬಿಡಿ. ಇಂಥ ಊರಿಗೆ ಬರುವುದಕ್ಕೆ ಅವರಲ್ಲಿ ಎಷ್ಟೋ ಜನ ಸಿದ್ಧರಿದ್ದಾರೆ.

ಈ ಕಡೆ ಹೊಸದಾಗಿ ಬಂದವರಿಗೆ: ಇಂಗ್ಲೆಂಡಿನಲ್ಲಿ ಜಿಪಿ (ಮಾಮೂಲಿ ಕಾಯಿಲೆ ನೋಡುವ ಊರಿನ ಡಾಕ್ಟರ್) ಹತ್ತಿರ ಮಾಡಿಸುವಂಥ ರಿಜಿಸ್ಟ್ರೇಷನ್ ಹಲ್ಲಿನ ಡಾಕ್ಟರ್‌ಗೆ ಇಲ್ಲ, ಹಾಗಾಗಿ ನಿಮ್ಮ ಪೋಸ್ಟ್‌ಕೋಡ್‌ನ ಕ್ಲಿನಿಕ್‌ಗೆ ಸುಮ್ನೆ ಅಂಟಿಕೊಂಡು ಕೂರಬೇಡಿ, ದೂರದ್ದಕ್ಕೂ ಫೋನ್ ಮಾಡಿ. ಗರ್ಭಿಣಿಯರಿಗೂ ಹೆರಿಗೆಯಾಗಿ 12 ತಿಂಗಳವರೆಗೂ ಚಿಕಿತ್ಸೆ ಉಚಿತ, ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ತೆಗೆದುಕೊಂಡು ಹೋಗಿ. ನೋವು ತಡೆಯಲಾಗದಿದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ.